ಜನ ದಡ್ಡರು ಅಂತ ಜ್ಯೂರಿ ಹೋಗಲಿಲ್ಲ

ನಮಸ್ಕಾರ. ನಾನಾವತಿ ಮೊಕದ್ದಮೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಉದ್ದದ ಕಾಗದ ಬರೆದಿದ್ದೀರಿ. ನಮ್ಮ ಜನ ಭಾವುಕರು, ಜಾತಿ ನೋಡುತ್ತಾರೆ, ಪೇಪರ್ ಓದಿ ತೀರ್ಮಾನ ಮಾಡುತ್ತಾರೆ, ಅಂಥವರ ಕೈಗೆ ಕೊಲೆ ಕೇಸು ಕೊಡಬಾರದು, ಆ ಒಂದು ಕೇಸಿನಿಂದ ಜ್ಯೂರಿ (ಕೋರ್ಟಿನಲ್ಲಿ ಕೇಸು ಕೇಳಿ ಅಪರಾಧಿ ಹೌದೋ ಅಲ್ಲವೋ ಹೇಳುವ ಜನಸಾಮಾನ್ಯರ ತಂಡ) ಹೋಗಿದ್ದು ಒಳ್ಳೆಯದೇ ಆಯಿತು ಅಂತ ನಿಮ್ಮ ವಾದ. ಈಗಲೂ ದೇಶದಲ್ಲಿ ಎಲ್ಲಾದರೂ ಜ್ಯೂರಿ ಇದೆಯಾ ಅಂತಲೂ ಕೇಳಿದ್ದೀರಿ.

ಜ್ಯೂರಿ ಬೇಡ ಅನ್ನೋದನ್ನ ನಾನೂ ಒಪ್ಪುತ್ತೇನೆ. ನೀವು ಕೊಟ್ಟ ಕಾರಣವನ್ನಲ್ಲ.

1959ರ ಏಪ್ರಿಲ್ 27ರಂದು ನೌಕಾಪಡೆಯ ಕಮಾಂಡರ್ ಕಾವಸ್ ನಾನಾವತಿ ಮುಂಬಯಿಯಲ್ಲಿ ತಮ್ಮ ಹೆಂಡತಿಯ ಪ್ರಿಯಕರ ಪ್ರೇಮ್ ಆಹುಜಾಗೆ ಗುಂಡು ಹೊಡೆದು ಕೊಂದರು. ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ತಪ್ಪಿತಸ್ಥ ಅಲ್ಲ ಅಂದರು. ಬ್ಲಿಟ್ಜ್ ಪತ್ರಿಕೆ ಕಮಾಂಡರ್ ಪರ ಬರೆದು ಬರೆದು ಊರನ್ನೇ ಎಬ್ಬಿಸಿತ್ತು, ನಿಜ. ಆದರೆ ಹೈಕೋರ್ಟು ಆ ತೀರ್ಮಾನ ತಳ್ಳಿಹಾಕಿ ಜೀವಾವಧಿ ಶಿಕ್ಷೆ ಕೊಟ್ಟಾಗ ಏನು ಹೇಳಿತು ಗೊತ್ತಾ? ಕೇಸು ನಡೆಸಿದ ಸೆಷನ್ಸ್ ಜಡ್ಜ್ ಜ್ಯೂರಿಗೆ ಕಾನೂನು ವಿವರಿಸಿದ್ದರಲ್ಲೇ ದೊಡ್ಡ ತಪ್ಪುಗಳಿವೆ ಅಂತ. ಆಕಸ್ಮಿಕವಾಗಿ ಗುಂಡು ಹಾರಿತು ಅನ್ನುವವನೇ ಅದನ್ನು ತೋರಿಸಿಕೊಡಬೇಕು, ಅದನ್ನೇ ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಬೈಗುಳ ಮಾತ್ರ ಇವತ್ತಿಗೂ ಆ ಎಂಟು ಜನರಿಗೆ! 1961ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ಎತ್ತಿಹಿಡಿಯಿತು, 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಅಂದರೆ ಜ್ಯೂರಿಯ ಮಾತು ಬಿದ್ದುಹೋದರೂ ಮನುಷ್ಯ ಹೊರಗೆ ಬಂದ.

ಇನ್ನು, ಆ ಕೇಸಿನಿಂದಲೇ ಜ್ಯೂರಿ ಹೋಯಿತು ಅನ್ನೋದು ಹೇಳಲು ಚೆನ್ನಾಗಿರುವ ಕಥೆ, ಅಷ್ಟೆ. ಜ್ಯೂರಿ ತೆಗೆದುಬಿಡಿ ಅಂತ ಕಾನೂನು ಆಯೋಗ 1958ರಲ್ಲೇ, ತನ್ನ 14ನೇ ವರದಿಯಲ್ಲಿ ಹೇಳಿತ್ತು. ಪೂರ್ತಿ ಹೋಗಿದ್ದು ಹೊಸ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ.

ಜನ ಜಾತಿ ನೋಡುತ್ತಾರೆ ಅಂತೀರಲ್ಲ, ಯಾರನ್ನು ಆರಿಸಿ ಕೂರಿಸಿದರು ಅನ್ನೋದನ್ನ ನೋಡದೆ ಹಾಗೆ ಹೇಳೋಕಾಗಲ್ಲ. ತಿಲಕರ ಮೇಲಿನ 1908ರ ರಾಜದ್ರೋಹದ ಕೇಸು ತಗೊಳ್ಳಿ. ಲೇಖನಗಳು ಬಂದಿದ್ದು ಅವರ ಕೇಸರಿ ಪತ್ರಿಕೆಯಲ್ಲಿ, ಮರಾಠಿಯಲ್ಲಿ. ಜ್ಯೂರಿಯಲ್ಲಿ ಏಳು ಜನ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಅನುವಾದ ಮುಂದಿಟ್ಟುಕೊಂಡು ಅಪರಾಧಿ ಅಂದವರು ಏಳು ಜನ, ಅಲ್ಲ ಅಂದವರು ಇಬ್ಬರು. ತಿಲಕರ ಮೇಲಿನ 1897ರ ರಾಜದ್ರೋಹದ ಕೇಸಿನಲ್ಲೂ ಇದೇ ಆಗಿತ್ತು, ಅಪರಾಧಿ ಅಂದವರು ಆರು, ಅಲ್ಲ ಅಂದವರು ಮೂರು. ಆಗ ತಿಲಕರ ಜಾಮೀನಿಗಾಗಿ ವಾದಿಸಿದ್ದ ವಕೀಲ ದಾವರ್ ಅವರೇ 1908ರಲ್ಲಿ ಜಡ್ಜ್ ಆಗಿ ಕೂತು ಆರು ವರ್ಷ ಗಡೀಪಾರು ಮಾಡಿದರು. ಇದರಲ್ಲಿ ಭಾವುಕ ಜನಸಾಮಾನ್ಯ ಎಲ್ಲಿದ್ದಾನೆ ಹೇಳಿ.

ಜ್ಯೂರಿಯ ಬೆಲೆ ಇರೋದು ಸರ್ಕಾರಕ್ಕೆ 'ಇಲ್ಲ' ಅನ್ನುವ ಧೈರ್ಯದಲ್ಲಿ. 1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶ ಮಾಡಿದ್ದಕ್ಕೆ ಕ್ವೇಕರ್ ಎಂಬ ಕ್ರೈಸ್ತ ಪಂಥದ ವಿಲಿಯಂ ಪೆನ್ ಮೇಲೆ ಕೇಸು ಹಾಕಿದಾಗ ಹನ್ನೆರಡು ಜನ ಜ್ಯೂರಿ ಶಿಕ್ಷೆಗೆ ಒಪ್ಪಲಿಲ್ಲ. ಆ ಜ್ಯೂರಿಯವರನ್ನೇ ಊಟ ನೀರು ಕೊಡದೆ ಕೂಡಿಹಾಕಿದರು, ದಂಡ ಹಾಕಿದರು. ಅವರಲ್ಲೊಬ್ಬನಾದ ಎಡ್ವರ್ಡ್ ಬುಶೆಲ್ ದಂಡ ಕಟ್ಟದೆ ಮೇಲಿನ ಕೋರ್ಟಿಗೆ ಹೋದ. ತೀರ್ಮಾನ ಇಷ್ಟವಾಗಲಿಲ್ಲ ಅಂತ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಅಂತ ಅಲ್ಲಿ ನಿಶ್ಚಯವಾಯಿತು. ನಮ್ಮಲ್ಲಿ ಆ ಬಲವೇ ಬರಲಿಲ್ಲ. ಸೆಷನ್ಸ್ ಜಡ್ಜ್‌ಗೆ ಒಪ್ಪಿಗೆಯಾಗದಿದ್ದರೆ ಕೇಸನ್ನು ಹೈಕೋರ್ಟಿಗೆ ಕಳಿಸಬಹುದಿತ್ತು, ನಾನಾವತಿ ಕೇಸು ಹೋಗಿದ್ದೂ ಹಾಗೆಯೇ.

ಹಾಗಾದರೆ ನನಗೇಕೆ ಬೇಡ? ಜ್ಯೂರಿ ಕಾರಣ ಕೊಡೋದಿಲ್ಲ. ಅಪರಾಧಿ, ಅಪರಾಧಿಯಲ್ಲ, ಮುಗೀತು. ಜಡ್ಜ್ ಪಕ್ಷಪಾತಿಯೇ ಆಗಿರಲಿ, ಯಾವ ಸಾಕ್ಷಿಯನ್ನು ಯಾಕೆ ನಂಬಿದೆ ಅಂತ ಬರೆಯಲೇಬೇಕು, ಆ ಬರಹ ಹಿಡಿದು ಬಡವನ ವಕೀಲನೂ ಮೇಲ್ಮನವಿ ಹಾಕಬಹುದು. ಕೇಸು ವರ್ಷಗಟ್ಟಲೆ ಎಳೆಯುತ್ತದೆ ಅನ್ನೋದು ಬೇರೆ ಸಂಕಟ, ಅದಕ್ಕೆ ಜ್ಯೂರಿ ಮದ್ದಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಒಂದು ರೀತಿಯಲ್ಲಿ ಇದೆ. ಪಾರ್ಸಿಗಳ ವಿಚ್ಛೇದನದ ಕೇಸುಗಳಲ್ಲಿ ಜಡ್ಜ್ ಜೊತೆ ಅದೇ ಸಮುದಾಯದ ಪ್ರತಿನಿಧಿಗಳು ಕೂರುತ್ತಾರೆ. ಮೊದಲು ಏಳು ಜನ ಇರುತ್ತಿದ್ದರು, 1988ರ ತಿದ್ದುಪಡಿಯ ನಂತರ ಐದು.