ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಓಹಿಯೋ ಸೈನಿಕರ ಹೆಸರು ಸರ್ಕಾರಿ ದಾಖಲೆಯಲ್ಲಿ ಸಿಗುತ್ತದೆಯೇ?

ಸಿಗುತ್ತದೆ. ಮೊದಲು ನೋಡಬೇಕಾದದ್ದು ಓಹಿಯೋ ರಾಜ್ಯವೇ 1886ರಿಂದ 1895ರವರೆಗೆ ಅಚ್ಚು ಹಾಕಿಸಿದ 12 ಸಂಪುಟಗಳ ಅಧಿಕೃತ ಸೈನಿಕರ ಪಟ್ಟಿ. ರೆಜಿಮೆಂಟು (ಸೇನಾ ದಳ), ಅದರೊಳಗಿನ ಕಂಪನಿ (ಸಣ್ಣ ತುಕಡಿ) ಲೆಕ್ಕದಲ್ಲಿ ಹೆಸರುಗಳಿವೆ. ಹಾಗಾಗಿ ರೆಜಿಮೆಂಟ್ ಸಂಖ್ಯೆ ಗೊತ್ತಿದ್ದರೆ ಕೆಲಸ ಅರ್ಧ ಮುಗಿದಂತೆ.

ಪ್ರತಿ ಸಾಲಿನಲ್ಲಿ ಹೆಸರು, ದರ್ಜೆ, ವಯಸ್ಸು, ಸೇರಿದ ದಿನ, ಸೇವಾವಧಿ ಇರುತ್ತವೆ. ಕೊನೆಯ ಷರಾ ಕಾಲಂ ಬಿಡದೆ ಓದಿ. ಸಾವಿನ ಸುದ್ದಿ ಇರುವುದು ಅಲ್ಲೇ: ಯಾವ ದಿನ, ಯಾವ ಊರು, ಯುದ್ಧದಲ್ಲೋ ಕಾಯಿಲೆಯಿಂದಲೋ. ಹದಿನೆಂಟರ ಹುಡುಗನ ಹೆಸರಿನ ಮುಂದೆ ಒಂದೇ ಸಾಲು ನೋಡಿದಾಗ ಸಂಕಟವಾಗುತ್ತದೆ. ಆ ಯುದ್ಧದಲ್ಲಿ ಗುಂಡೇಟಿಗಿಂತ ಭೇದಿ, ಟೈಫಾಯ್ಡ್‌ನಂಥ ಕಾಯಿಲೆಗಳಿಗೆ ಬಲಿಯಾದವರೇ ಜಾಸ್ತಿ.

ಸಮಾಧಿ ಹುಡುಕುವುದಾದರೆ ಕೇಂದ್ರ ಸೇನೆಯ ಕ್ವಾರ್ಟರ್‌ಮಾಸ್ಟರ್ (ಸರಬರಾಜು) ಇಲಾಖೆ 1865ರಿಂದ 1871ರ ನಡುವೆ ಹೊರತಂದ 27 ಸಂಪುಟಗಳ 'ರೋಲ್ ಆಫ್ ಆನರ್' ಎಂಬ ಸಮಾಧಿಗಳ ಪಟ್ಟಿ ನೋಡಿ. ಷರಾದಲ್ಲಿ ಆಂಡರ್ಸನ್‌ವಿಲ್ ಎಂದಿದ್ದರೆ ಅದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ದಕ್ಷಿಣದವರು ನಡೆಸಿದ ಸೆರೆ ಶಿಬಿರ. ಸುಮಾರು 13,000 ಕೈದಿಗಳು ಅಲ್ಲಿ ಸತ್ತರು. ಸತ್ತವರ ಲೆಕ್ಕ ಬರೆಯುತ್ತಿದ್ದ ಡೋರೆನ್ಸ್ ಅಟ್‌ವಾಟರ್ ಎಂಬ ಕೈದಿ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಂಡಿದ್ದರು. ಅಲ್ಲಿನ ಹೆಚ್ಚಿನ ಸಮಾಧಿಗಳಿಗೆ ಇವತ್ತು ಹೆಸರಿರುವುದು ಆ ಪಟ್ಟಿಯ ದೆಸೆಯಿಂದಲೇ.

ಒಂದು ವಿಷಯ ಗಮನದಲ್ಲಿರಲಿ: ಓಹಿಯೋ ಪಟ್ಟಿ, 'ರೋಲ್ ಆಫ್ ಆನರ್' ಎರಡೂ ಉತ್ತರದ ಯೂನಿಯನ್ (ಕೇಂದ್ರ ಸರ್ಕಾರದ ಪಕ್ಷ) ಸೈನಿಕರ ದಾಖಲೆಗಳು.