ಮಳೆಯಲ್ಲಿ ಲಾಂಗ್ ಥ್ರೋ ಬಿಡ್ಬೇಕಾ ಅಂತ ಕೇಳಿದ್ರಲ್ಲ, ಅದಕ್ಕೆ

ಉಡುಪಿಯ ಅಲ್ಟಿಮೇಟ್ ಫ್ರಿಸ್ಬೀ (ತಟ್ಟೆಯಂಥ ಡಿಸ್ಕ್ ಪಾಸ್ ಮಾಡಿ ಆಡುವ ಆಟ) ರೀಜನಲ್ ಟೂರ್ನಮೆಂಟಲ್ಲಿ ಮಳೆ ಬಂದ್ರೆ ನಿಮ್ಮ ಕಾಲೇಜ್ ಟೀಮ್ ಲಾಂಗ್ ಥ್ರೋ ಪೂರ್ತಿ ನಿಲ್ಸ್ಬೇಕಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ, ನಿಲ್ಸ್ಬೇಡಿ. 175 ಗ್ರಾಮ್ ಡಿಸ್ಕ್ ಒದ್ದೆಯಾದ್ರೆ ಕೈಯಿಂದ ಜಾರ್ತದೆ ಹೌದು, ಫ್ಲಿಕ್ (ಮಣಿಕಟ್ಟು ಝಾಡಿಸಿ ಎಸೆಯುವ ಫೋರ್‌ಹ್ಯಾಂಡ್ ಥ್ರೋ) ಅಂತೂ ಇನ್ನೂ ಕಷ್ಟ, ಆದ್ರೆ ನಿಮ್ಮದೇ ಎಂಡ್ ಝೋನ್ (ಎದುರಿನವ್ರು ಡಿಸ್ಕ್ ಹಿಡಿದ್ರೆ ಪಾಯಿಂಟ್ ಸಿಗುವ ಜಾಗ) ಹತ್ರ ಸಿಕ್ಕಾಕೊಂಡು ಸ್ಟಾಲ್ (ಡಿಸ್ಕ್ ಎಸೆಯೋಕೆ ಇರುವ ಹತ್ತರ ಎಣಿಕೆ) ಎಂಟಕ್ಕೆ ಬಂದಾಗ ಸಣ್ಣ ಪಾಸ್ ಕೊಟ್ಟು ಅದು ಕೆಳಗೆ ಬಿದ್ರೆ ಎದುರಿನವ್ರಿಗೆ ಪಾಯಿಂಟ್ ಸುಲಭಕ್ಕೆ ಕೊಟ್ಟ ಹಾಗೆ, ಅದೇ ದೂರ ಎಸೆದು ಹೋದ್ರೂ ಅವ್ರು ಅಷ್ಟು ಮೈದಾನ ಒದ್ದೆ ಡಿಸ್ಕ್ ಪಾಸ್ ಮಾಡ್ತಾ ದಾಟಿ ಬರ್ಬೇಕು, ಅದು ಎಂತ ಸುಲಭ ಅಲ್ಲ. ನಡು ಮೈದಾನದಲ್ಲಿ ಮಾತ್ರ ಸಣ್ಣ ಪಾಸೇ ಇರ್ಲಿ, ಒಂದು ಕೈಯಲ್ಲಿ ಕ್ಯಾಚ್ ಹಿಡಿಯೋದು ಯಾರೂ ಬೇಡ, ಎರಡೂ ಅಂಗೈ ಮಧ್ಯೆ ಒತ್ತಿ ಹಿಡೀರಿ.

ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಕಡಲ ಕಡೆಯಿಂದ್ಲೇ ಅಲ್ವಾ, ಟಾಸ್‌ಗಿಂತ ಮೊದ್ಲೇ ಅದು ನೋಡ್ಕೊಳ್ಳಿ. ಎದುರಿನವ್ರು ಗಾಳಿಗೆ ಎದುರಾಗಿ ಆಡುವಾಗ ಝೋನ್ ಡಿಫೆನ್ಸ್ (ಒಬ್ಬೊಬ್ರ ಹಿಂದೆ ಓಡದೆ ಒಂದೊಂದು ಜಾಗ ಕಾಯೋದು) ಹಾಕಿ, ಅವ್ರು ಜಾಸ್ತಿ ಪಾಸ್ ಮಾಡುವ ಹಾಗೆ ಮಾಡಿ, ಎಲ್ಲಾದ್ರೂ ಒಂದು ಬಿದ್ದೇ ಬೀಳ್ತದೆ.

ಸೈಡ್‌ಲೈನಲ್ಲಿ ಒಣಗಿದ ಬೈರಾಸು ಜಾಸ್ತಿ ಇಟ್ಕೊಳ್ಳಿ. ಗುಡುಗು ಕೇಳಿದ್ರೆ ಸ್ಕೋರ್ ಎಷ್ಟೇ ಇರ್ಲಿ, ಎರಡೂ ಕ್ಯಾಪ್ಟನ್ ಮಾತಾಡಿ ಎಲ್ರನ್ನೂ ಕಟ್ಟಡದ ಒಳಗೆ ಕರ್ಕೊಂಡು ಹೋಗಿ, ಇದೊಂದು ದಯವಿಟ್ಟು ಮರೀಬೇಡಿ.