ಮಿಡ್‌ರೇಂಜ್ ಗುರಿಗೆ ಯಾವ ಕರಿಮದ್ದಿನ ತೋಟೆ?

ಪ್ರಶ್ನೆ: ಹಂದಿ ಕಾಟಕ್ಕೆ ಅಂತ ನಮ್ಮಲ್ಲಿ ಅಜ್ಜನ ಕಾಲದ ಲೈಸೆನ್ಸಿನ ಕೇಪಿನ ಕೋವಿ ಉಂಟು. ಅಮೆರಿಕದಲ್ಲಿರುವ ತಮ್ಮ ಈಗ ಅಲ್ಲೇ ಕರಿಮದ್ದಿನ ರೈಫಲ್ ತಗೊಂಡು 200ರಿಂದ 600 ಗಜದ ಗುರಿ ಸ್ಪರ್ಧೆಗೆ ಇಳೀಬೇಕು ಅಂತಿದ್ದಾನೆ. .45-70, .40-65, .38-55, ಈ ತೋಟೆಗಳಲ್ಲಿ ಯಾವ್ದು ಒಳ್ಳೇದು?
– ಓದುಗರು, ಪೆರ್ಲ

ಉತ್ತರ: ನನ್ನತ್ರ ಕೇಳಿದ್ರೆ .40-65. (ಈ ಹೆಸರುಗಳಲ್ಲಿ ಮೊದಲ ಅಂಕೆ ಸುಮಾರಾಗಿ ಗುಂಡಿನ ದಪ್ಪ, ಇಂಚಲ್ಲಿ; ಎರಡನೇದು ಕರಿಮದ್ದಿನ ತೂಕ, ಗ್ರೇನಲ್ಲಿ. ಗ್ರೇನ್ ಅಂದ್ರೆ ತೂಕದ ಸಣ್ಣ ಅಳತೆ, 500 ಗ್ರೇನ್ ಸುಮಾರು 32 ಗ್ರಾಂ.) .45-70 ಕೆಟ್ಟದ್ದಲ್ಲ ಮಾರಾಯ್ರೇ, 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದದ್ದು ಇವತ್ತಿಗೂ ನಡೀತಾ ಉಂಟು, ತೋಟೆಯ ಖಾಲಿ ಕೇಸು, ಗುಂಡಿನ ಅಚ್ಚು ಎಲ್ಲಾ ಸುಲಭ ಸಿಗ್ತದೆ, ಆದ್ರೆ 500 ಗ್ರೇನಿನ ಗುಂಡು ಹಾಕಿ ಇಡೀ ದಿನ ಹೊಡೆದ್ರೆ ಭುಜ ಸೋಲ್ತದೆ, ಭುಜ ಸೋತ ಮೇಲೆ ಗುರಿ ಎಲ್ಲಿ ನಿಲ್ತದೆ? .40-65ಕ್ಕೆ 400 ಗ್ರೇನ್ ಆಸುಪಾಸಿನ ಗುಂಡು ಸಾಕು, ಒದೆತ ಕಡಿಮೆ, .45-70 ಕೇಸನ್ನೇ ಡೈ ಅನ್ನೋ ಅಚ್ಚಲ್ಲಿ ಒತ್ತಿ ಕಿರಿದು ಮಾಡಿಯೂ ಬಳಸ್ಬಹುದು. .38-55 200-300 ಗಜಕ್ಕೆ ಚಂದ, 600ರಲ್ಲಿ ಹಗುರ ಗುಂಡನ್ನು ಗಾಳಿ ಎಳ್ಕೊಂಡು ಹೋಗ್ತದೆ.

ತೋಟೆಗಿಂತ ದೊಡ್ಡ ವಿಷಯ ನಳಿಗೆಯೊಳಗಿನ ಮಸಿ. ಪ್ರತಿ ಈಡಿಗೂ ಅದು ಕೂರ್ತದೆ, ಒಣಗಿ ಗಟ್ಟಿಯಾದ್ರೆ ಮುಂದಿನ ಗುಂಡು ದಾರಿ ತಪ್ತದೆ. ಹಾಗಾಗಿ ಈಡು ಈಡಿನ ಮಧ್ಯೆ ಒದ್ದೆ ಬಟ್ಟೆ ಎಳೀಬೇಕು, ಇಲ್ಲಾ ಹಿಂದಿನ ಬಾಯಿ ತೆರೆದು ಕೊಳವೆಯಿಂದ ಉಸಿರು ಊದ್ಬೇಕು, ಉಸಿರಿನ ತೇವಕ್ಕೆ ಮಸಿ ಮೆತ್ತಗಾಗ್ತದೆ. ಅದೇ ದಿನ ನೀರಲ್ಲಿ ತೊಳೆದು ಒರೆಸಿ ಎಣ್ಣೆ ಹಾಕ್ಲಿ. ಆ ಮಸಿ ತೇವ ಹೀರ್ತದೆ, ತುಕ್ಕು ಬೇಗ ಹಿಡೀತದೆ, ನಮ್ಮೂರ ಮಳೆಗಾಲದಲ್ಲಿ ನಿಮ್ಮ ಕೇಪಿನ ಕೋವಿಗೂ ಇದೇ ಮಾತು. ಇನ್ನೊಂದು, ಹೊಗೆಯಿಲ್ಲದ ಮದ್ದನ್ನು ಕರಿಮದ್ದಿನ ಅಳತೆಲಿ ಎಂದಿಗೂ ತುಂಬಿಸ್ಬಾರ್ದು ಅಂತ ತಮ್ಮನಿಗೆ ಖಂಡಿತ ಹೇಳಿ, ರೈಫಲ್ಲೇ ಒಡೆದು ಜೀವಕ್ಕೆ ಕುತ್ತು ಬರ್ತದೆ.